ಲೆಕ್ಕಕ್ಕೆ ಬಾರದ ತಲೆ

ಯಜಮಾನರಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ. ಎಲ್ಲಿಂದ ಹೊರಟರೂ ಆಕೆ ವ್ಯಾನಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆ ತಟ್ಟಿ ಎಣಿಸುತ್ತಿದ್ದಳು. ಅವಳಿ ಹೆಣ್ಣುಮಕ್ಕಳ ತಲೆ ತಟ್ಟಲಿ, ಬೇಡವೆಂದವರು ಯಾರು? ಅತ್ತೆಯ ತಲೆಯನ್ನೂ ವಿನಯದಿಂದ ಮುಟ್ಟಲಿ. ಆದರೆ ಆಫೀಸಿನಲ್ಲಿ ಪ್ರೋಗ್ರಾಂ ಬರೆದು 'ಸರ್' ಎನ್ನಿಸಿಕೊಳ್ಳುವ ಮಹಾನುಭಾವರ ಬೋಳುತಲೆಯನ್ನು ನಡುಬೀದಿಯಲ್ಲಿ ಕಲ್ಲಂಗಡಿಯಂತೆ ತಟ್ಟುವುದೇ? (ಹಣ್ಣಾಗಿದೆಯಾ ಎಂದು ಪಕ್ಕದ ಮನೆಯವರು ಕೇಳಿಯೂ ಇದ್ದರು.)

“ಇನ್ಮೇಲೆ ನನ್ನ ತಲೆ ನಿನ್ನ ಲೆಕ್ಕಕ್ಕೆ ಸೇರಿಸಕೂಡದು,” ಎಂದು ಒಂದು ದಿನ ಘೋಷಿಸಿದರು. “ಆ ಕೆಲಸ ಪ್ರೋಗ್ರಾಂ ಮಾಡುತ್ತೆ.”

“ಮನೆಮಂದೀನ ಎಣಿಸೋಕೆ ಪ್ರೋಗ್ರಾಮಾ?”

“ಎಣಿಸೋದಲ್ಲ ಕಣೇ, ಹೋಲಿಸೋದು. ಹೋಗುವಾಗ ಹತ್ತಿದವರದ್ದು ಒಂದು ಸೆಟ್, ಬರುವಾಗ ಹತ್ತಿದವರದ್ದು ಇನ್ನೊಂದು. ಎರಡೂ ಸಮ ಅಂದ್ರೆ ಎಲ್ಲರೂ ಬಂದ ಹಾಗೆ. ಯಾರು ಮೊದಲು, ಯಾರು ಆಮೇಲೆ ಅನ್ನೋ ರಗಳೆ ಇಲ್ಲ. ಒಂದೇ ವಸ್ತು ಎಷ್ಟು ಸಲ ಹಾಕಿದ್ರೂ ಸೆಟ್ಟಲ್ಲಿ ಒಂದೇ. ಅದೇ ಅದರ ಸೊಗಸು!”

“ನಾವೆಲ್ಲ ವಸ್ತುಗಳೇನೋ?” ಎಂದರು ಅಡುಗೆಮನೆಯಿಂದ ಅಮ್ಮ.

“ನಮ್ಮ ಭಾಷೇಲಿ ಎಲ್ಲಾನೂ ವಸ್ತುನೇ ಅಮ್ಮಾ.”

ಮೊದಲ ಪರೀಕ್ಷೆ ನಡುಮನೆಯಲ್ಲೇ ನಡೆಯಿತು. ಹೋಗುವಾಗಿನ ಹೆಸರುಗಳನ್ನು ಹೆಂಡತಿ ತುಂಬಿದಳು, ಬರುವಾಗಿನವನ್ನು ಮಕ್ಕಳು. ಫೋನು ಗಂಭೀರವಾಗಿ ತೀರ್ಪು ಕೊಟ್ಟಿತು: 'ಸಮ ಅಲ್ಲ. ಅತ್ತೆ ಕಾಣೆಯಾಗಿದ್ದಾರೆ. ಅಜ್ಜಿ ಹೆಚ್ಚಾಗಿದ್ದಾರೆ.'

“ಇಲ್ಲೇ ಕೂತಿದೀನಲ್ಲೋ! ಕಣ್ಣು ಕಾಣಲ್ವಾ ಅದಕ್ಕೆ?”

ಎರಡು ವಸ್ತು ಒಂದೇ ಎನ್ನಲು ಏನನ್ನು ನೋಡಬೇಕೆಂದು ಪ್ರೋಗ್ರಾಮಿಗೆ ನಾವೇ ಹೇಳಿಕೊಡಬೇಕು. ಯಜಮಾನರು ತಲೆ ಕೆರೆದುಕೊಂಡು ಯೋಚಿಸಿದರು. ಹೆಸರು ಬಾಯಿಂದ ಬಾಯಿಗೆ ಬದಲಾಗುತ್ತದೆ, ಹುಟ್ಟಿದ ದಿನ ಬದಲಾಗುತ್ತದೆಯೇ? ಹುಟ್ಟಿದ ದಿನ ಒಂದೇ ಆದರೆ ಆಸಾಮಿಯೂ ಒಬ್ಬನೇ ಎಂದು ಬರೆದು, ಆ ದಿನಾಂಕ ತುಂಬಿದ ಕಾರ್ಡುಗಳನ್ನು ಎಲ್ಲರ ಕೊರಳಿಗೂ ನೇತುಹಾಕಿದರು. ತಮಗೆ ಮಾತ್ರ ಮಾಡಿಕೊಳ್ಳಲಿಲ್ಲ. ಸೃಷ್ಟಿಕರ್ತನಿಗೆ ಕಾರ್ಡೇಕೆ?

ಭಾನುವಾರ ಮೃಗಾಲಯಕ್ಕೆ ಹೋದರು. ವ್ಯಾನು ಓಡಿಸಿದ್ದು ಹೆಂಡತಿಯ ತಮ್ಮ. ಸಂಜೆ ಹೊರಡುವಾಗ ಯಜಮಾನರು ಬಾಗಿಲಲ್ಲಿ ಫೋನು ಹಿಡಿದು ನಿಂತರು. ಕಣ್ಣು ಫೋನಿನ ಮೇಲಿತ್ತೇ ಹೊರತು ಹತ್ತುವವರ ಮೇಲಿರಲಿಲ್ಲ. ಒಬ್ಬೊಬ್ಬರೇ ಕಾರ್ಡು ಮುಟ್ಟಿಸಿ ಒಳಗೆ ಹೋದರು. ಸಾಮಾನೆಲ್ಲ ತುಂಬಿಸಿ ಕೊನೆಗೆ ಹತ್ತಿದ ಹೆಂಡತಿ ಅಭ್ಯಾಸಬಲದಿಂದ ಕೈ ಎತ್ತಿದಳು.

“ಕೈ ಇಳಿಸು. ನೋಡಿಲ್ಲಿ, 'ಸಮ'!”

ಆಕೆ ಕೈ ಇಳಿಸಿದಳು. ವ್ಯಾನು ಹೊರಟಿತು.

ಸ್ವಲ್ಪ ದೂರ ಹೋದ ಮೇಲೆ ಅಮ್ಮ ಕೇಳಿದರು, “ದೊಡ್ಡದು ನನ್ನ ತೊಡೆ ಮೇಲಿದೆ. ಚಿಕ್ಕದೆಲ್ಲಮ್ಮಾ?”

“ಹಿಂದಿನ ಸೀಟಲ್ಲಿ ಮಲಗಿದಾಳಲ್ಲ ಅತ್ತೆ.”

ಹಿಂದಿನ ಸೀಟಿನಲ್ಲಿ ಮಲಗಿದ್ದದ್ದು ಸ್ವೆಟರುಗಳ ಗಂಟು.

“ವ್ಯಾನ್ ತಿರುಗಿಸೋ!” ಎಂದು ಹೆಂಡತಿ ಕಿರುಚಿದಳು. ಯಜಮಾನರು ಫೋನು ನೋಡಿದರೆ ಅದು ಈಗಲೂ 'ಸಮ' ಎನ್ನುತ್ತಿತ್ತು. ಅವಳಿಗಳು ಹುಟ್ಟಿದ್ದು ಒಂದೇ ದಿನ. ಬೆಳಗ್ಗೆ ಇಬ್ಬರು ಹತ್ತಿದಾಗಲೂ ಅದರ ಲೆಕ್ಕಕ್ಕೆ ಒಬ್ಬಳೇ, ಸಂಜೆ ಒಬ್ಬಳು ಹತ್ತಿದಾಗಲೂ ಒಬ್ಬಳೇ.

“ಹಾಗೆ ನೋಡಿದ್ರೆ ಪ್ರೋಗ್ರಾಂ ತಪ್ಪು ಹೇಳಿಲ್ಲ...” ಎಂದು ಬಾಯಿ ತೆರೆದರು. ಹೆಂಡತಿ ನೋಡಿದ ನೋಟಕ್ಕೆ ಫೋನನ್ನು ಜೇಬಿಗೆ ಸೇರಿಸಿದರು.

ಚಿಕ್ಕದು ಗೇಟಿನ ಕಾವಲುಗಾರನ ಕುರ್ಚಿಯಲ್ಲಿ ಕಾಲಾಡಿಸುತ್ತ ಕೂತಿತ್ತು. “ಅಮ್ಮ ಇನ್ನೂ ನನ್ನ ತಲೆ ತಟ್ಟಿರ್ಲಿಲ್ಲ. ಹೊರಡಲ್ಲ ಅಂತ ನೀರಾನೆ ನೋಡ್ತಾ ಇದ್ದೆ,” ಎಂದಿತು. ಹೆಂಡತಿ ಅದನ್ನು ಬಾಚಿ ತಬ್ಬಿಕೊಂಡು ಅತ್ತೇಬಿಟ್ಟಳು. ಯಜಮಾನರಿಗೂ ಅಳು ಒತ್ತಿಕೊಂಡು ಬಂತು. ಯಾರಿಗೂ ಕಾಣದಿರಲೆಂದು ಗೇಟಿನ ಕಂಬದ ಆಚೆ ಹೋಗಿ, ಫೋನು ತೆಗೆದು ಪ್ರೋಗ್ರಾಂ ತಿದ್ದತೊಡಗಿದರು.

ಇತ್ತ ಹೆಂಡತಿ ಕಣ್ಣೊರೆಸಿಕೊಂಡು ವ್ಯಾನಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆ ತಟ್ಟಿದಳು. “ಅತ್ತೆ. ದೊಡ್ಡದು. ಚಿಕ್ಕದು. ತಮ್ಮ. ನಾನು. ಸರಿ ಇದೆ, ಹೊರಡೋ.”

ತಿದ್ದುಪಡಿ ಮುಗಿಸಿ ಯಜಮಾನರು ವಿಜಯದ ನಗೆಯೊಂದಿಗೆ ತಲೆಯೆತ್ತಿದರು. ರಸ್ತೆ ಖಾಲಿಯಿತ್ತು. ಫೋನು ಬಡಿದುಕೊಂಡಿತು.

“ರೀ, ಎಲ್ಲಿದೀರಿ?”

“ಗೇಟ್ ಹತ್ರ! ಗಂಡನ್ನ ಬಿಟ್ಟು ಹೋಗೋದಾ?”

“ನಿಮ್ಮ ತಲೆ ಲೆಕ್ಕಕ್ಕೆ ಸೇರಿಸಕೂಡದು ಅಂತ ನೀವೇ ಅಪ್ಪಣೆ ಕೊಡಿಸಿದ್ರಲ್ಲ. ಸೇರಿಸಲಿಲ್ಲ.”

ವ್ಯಾನು ಮರಳಿ ಬಂತು. ಬಾಗಿಲು ತೆರೆಯುವ ಮುಂಚೆಯೇ ಯಜಮಾನರು ಟೋಪಿ ತೆಗೆದು ತಲೆ ಬಗ್ಗಿಸಿ ನಿಂತರು. ಹೆಂಡತಿ ತಟ್ಟಿದಳು. ಆಮೇಲೆ ಇನ್ನೊಮ್ಮೆ ತಟ್ಟಿದಳು.

“ಒಂದ್ಸಲ ಸಾಕಲ್ವೇನೇ?”

“ಎಷ್ಟು ಸಲ ಹಾಕಿದ್ರೂ ಒಂದೇ ಅಂದಿದ್ರಲ್ಲ,” ಎಂದು ಆಕೆ ಮತ್ತೂ ಒಂದು ತಟ್ಟಿ ಪಕ್ಕಕ್ಕೆ ಸರಿದಳು. ಹಿಂದೆ ಅಮ್ಮನೂ ಇಬ್ಬರು ಮಕ್ಕಳೂ ಸಾಲಾಗಿ ನಿಂತಿದ್ದರು.