ಕೆಂಚಿಯ ದಮ್ಮು

ಬೆಕ್ಕುಗಳೂ ಕೆಮ್ಮುತ್ತವೆ ಎಂಬುದು ಉಮಾಶಂಕರನಿಗೆ ಆ ಬೆಳಗಿನವರೆಗೆ ಗೊತ್ತಿರಲಿಲ್ಲ. ಹೆಂಡತಿ ಮೀನಾಕ್ಷಿ ತಂಗಿಯ ಸೀಮಂತಕ್ಕೆಂದು ಜಾವಗಲ್ಲಿಗೆ ಹೋಗಿದ್ದಳು. ಹೊರಡುವಾಗ ಗಂಡನ ಊಟದ ಬಗ್ಗೆ ಒಂದು ಮಾತು ಹೇಳಿ, ಬೆಕ್ಕಿನ ಊಟದ ಬಗ್ಗೆ ಹತ್ತು ಮಾತು ಹೇಳಿದ್ದಳು. ಆ ಮುದ್ದಿನ ಕೆಂಚಿ ಈಗ ಅಡುಗೆಮನೆಯ ನೆಲಕ್ಕೆ ಹೊಟ್ಟೆಯೂರಿ, ಕತ್ತು ಚಾಚಿ, ಬಾಯಿ ತೆರೆದುಕೊಂಡು ಉಸಿರೆಳೆಯುತ್ತಿತ್ತು. ಪಕ್ಕೆಗಳು ಕುಲುಮೆಯ ತಿದಿಯಂತೆ ಆಡುತ್ತಿದ್ದವು. ಉಮಾಶಂಕರ ಗಾಬರಿಯಿಂದ ಕೂಗಿಕೊಂಡ. ಇದಕ್ಕೇನಾದರೂ ಆದರೆ ಮೀನಾಕ್ಷಿ ಬೇಲೂರಿನ ಮನೆಗೆ ವಾಪಸು ಬರುವುದೇ ಅನುಮಾನವಾಗಿತ್ತು.

ಅವನ ಕೂಗಿಗೆ ಅಕ್ಕಪಕ್ಕದವರು ಬಂದೇಬಿಟ್ಟರು. ಎದುರುಮನೆಯ ಕಾಂತಮ್ಮ ಬೆಕ್ಕಿನ ಬಾಯಿಗೆ ಬಿಸಿ ಹಾಲು ಹುಯ್ಯಲು ಹೊರಟರು. ನಿವೃತ್ತ ಬಸ್ ಡ್ರೈವರ್ ಲಕ್ಕಪ್ಪ ಅಂಗಿಯ ತೋಳು ಮಡಚಿದರು.

"ಗಂಟ್ಲಾಗೆ ಮುಳ್ಳು ಸಿಕ್ಕೈತೆ ಕಣಪ್ಪ. ತಲೆಕೆಳಗೆ ಹಿಡ್ದು ಒದರಿದ್ರೆ ಬಿದ್ದೋಯ್ತದೆ."

ಉಮಾಶಂಕರ ಮೀನಾಕ್ಷಿಗೆ ವಿಡಿಯೋ ಕಾಲ್ ಮಾಡಿದ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಹಾಲೂ ಬೇಡ, ನೀರೂ ಬೇಡ. ಬೆಕ್ಕು ಬಾಯ್ಬಿಟ್ಟು ಉಸಿರಾಡ್ತಿದೆ ಅಂದ್ರೆ ತಡ ಮಾಡೋ ಹಾಗಿಲ್ಲ ಕಣ್ರೀ. ತುಟಿ ಎತ್ತಿ ಒಸಡು ನೋಡಿ, ನೀಲಿ ಆಗಿದ್ಯಾ?"

ಒಸಡು ನೀಲಿಗೆ ತಿರುಗಿತ್ತು. ನೋಡಿದ್ದಕ್ಕೆ ಕೆಂಚಿ ಪರಚಿ ಉಮಾಶಂಕರನ ಕೈ ಕೆಂಪಾಯಿತು.

ಕೆಂಚಿಯನ್ನು ಗಾಳಿಯಾಡುವ ತರಕಾರಿ ಬುಟ್ಟಿಯಲ್ಲಿ ಕೂರಿಸಿ ಆಟೋ ಹತ್ತಿದ್ದಾಯಿತು. ಕರೆಯದಿದ್ದರೂ ಕಾಂತಮ್ಮ, ಲಕ್ಕಪ್ಪ ಎರಡೂ ಕಡೆಯಿಂದ ತೂರಿಕೊಂಡರು. ಕಾಂತಮ್ಮ ಜೋರಾಗಿ ದೇವರನ್ನು ಕರೆಯತೊಡಗಿದರು. ಲಕ್ಕಪ್ಪ ಆಟೋದವನಿಗೆ ಗೇರು ಹಾಕುವುದನ್ನು ಕಲಿಸತೊಡಗಿದರು. ಗದ್ದಲಕ್ಕೆ ಬೆಕ್ಕು ಇನ್ನಷ್ಟು ಹೆದರುತ್ತದೆಂದು ಮೀನಾಕ್ಷಿ ಫೋನಿನೊಳಗಿಂದ ಗದರಿದಳು. ಆಮೇಲೆ ಬೇಲೂರಿನ ಪೇಟೆಯಲ್ಲಿ ಒಂದು ಆಟೋ ಹಾರ್ನ್ ಹೊಡೆಯದೆ, ಒಳಗಿದ್ದವರು ಪಿಸುಗುಟ್ಟುತ್ತಾ ಸಾಗಿದ್ದನ್ನು ಕಂಡು ಅಂಗಡಿಯವರೆಲ್ಲ ಎದ್ದುನಿಂತರು.

ಪಶು ಆಸ್ಪತ್ರೆಯಲ್ಲಿ ಡಾಕ್ಟರು ಕೆಂಚಿಯನ್ನು ಒಳಕ್ಕೆ ಒಯ್ದು ಬಾಗಿಲು ಹಾಕಿಕೊಂಡರು. ಉಮಾಶಂಕರ ಮೀನಾಕ್ಷಿಗೂ ಕಾಣಲೆಂದು ಫೋನು ಎತ್ತಿ ಹಿಡಿದೇ ಕೂತ. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದು ಅವನನ್ನೇ ದಿಟ್ಟಿಸಿದರು.

"ಎಷ್ಟು ದಿನದಿಂದ್ರೀ ಈ ದಮ್ಮು?"

ಉಮಾಶಂಕರ ಧಡಕ್ಕನೆ ಎದ್ದ. ಡಾಕ್ಟರಿಗೆ ಎಲ್ಲ ಗೊತ್ತಾಗಿಹೋಗಿದೆ, ಇನ್ನು ಮುಚ್ಚಿಟ್ಟರೆ ಬೆಕ್ಕು ಉಳಿಯುವುದಿಲ್ಲ ಎನ್ನಿಸಿತು.

"ಇವಳು ಊರಿಗೆ ಹೋದಾಗಿಂದ ಸಾರ್. ಊಟ ಆದ್ಮೇಲೆ ಒಂದೇ ಒಂದು ದಮ್ ಎಳೀತಿದ್ದೆ, ಅಡುಗೆಮನೆ ಕಿಟಕಿ ಹತ್ರ. ಬಿಟ್ಟಿದೀನಿ ಅಂತ ಇವಳ ತಲೆ ಮುಟ್ಟಿ ಸುಳ್ಳು ಹೇಳಿದ್ದೆ. ಬೆಕ್ಕು ಉಳಿಸಿಕೊಡಿ ಸಾರ್, ಇನ್ಮೇಲೆ ಸಿಗರೇಟು ಮುಟ್ಟಲ್ಲ."

ಡಾಕ್ಟರು ಕನ್ನಡಕ ತೆಗೆದರು. "ನಾನು ಕೇಳಿದ್ದು ಬೆಕ್ಕಿನ ದಮ್ಮು ಕಣ್ರೀ. ಅದು ಆರಾಮಾಗಿದೆ. ಉಬ್ಬಸದ ಕಾಯಿಲೆ, ಔಷಧಿ ಕೊಡ್ತೀನಿ. ಹೊಗೆ ಇರೋ ಮನೇಲಿ ಮಾತ್ರ ಇಡಬೇಡಿ."

ಎತ್ತಿ ಹಿಡಿದಿದ್ದ ಫೋನಿನಿಂದ ಮೀನಾಕ್ಷಿಯ ದನಿ ಬಹಳ ಮೃದುವಾಗಿ ಕೇಳಿಸಿತು.

"ಡಾಕ್ಟ್ರೇ, ಸಂಜೆವರೆಗೂ ಅಲ್ಲೇ ಇಟ್ಕೊಂಡಿರಿ. ನಾನೇ ಬಂದು ಜಾವಗಲ್ಲಿಗೆ ಕರ್ಕೊಂಡು ಹೋಗ್ತೀನಿ. ಹೊಗೆ ಇರೋ ಮನೆಗೆ ನಾವಿಬ್ರೂ ಬರಲ್ಲ."