ಖಾನಾಪುರದಲ್ಲೊಂದು ಚೀನಾ ಖಾನಾವಳಿ

೧೯೯೬ರಲ್ಲಿ ನಾನು ಒಂಬತ್ತನೇ ಇಯತ್ತೆಯ ಪುಸ್ತಕಗಳನ್ನು ಅಟ್ಟಕ್ಕೆಸೆದು ಗೌಂಡಿ ಕೆಲಸಕ್ಕೆ ಇಳಿದೆ. ಅಂದಿನಿಂದ ನನ್ನ ಕೈಯಲ್ಲಿ ಬಗೆಹರಿಯದ ಲೆಕ್ಕ ಒಂದೇ: ನನ್ನ ಸೋದರಮಾವ! ಬೆಳಗಾವಿಯಲ್ಲಿ ನಾನು ಕಟ್ಟಿದ ಮನೆಗಳಲ್ಲಿ ಇಂಜಿನಿಯರುಗಳೇ ಸಂಸಾರ ಹೂಡಿದ್ದಾರೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಒಂದೂ ಸೋರಿಲ್ಲ. ಅಂಥ ನನ್ನಿಂದ ಖಾನಾಪುರದಲ್ಲಿ ಚೀನಾ ಕಟ್ಟಿಸಿದ ಪುಣ್ಯಾತ್ಮ ಈ ಮಾಮಾ.

ಅವನದು ಹಳೆಯ ಖಾನಾವಳಿ. ಹಂಚಿನ ಮಾಡು, ಹಿಂದೆ ಕತ್ತಲೆಯ ಅಡುಗೆಮನೆ, ಅಲ್ಲಿ ಒಲೆಯ ಮುಂದೆ ನನ್ನ ಅತ್ತೆ. ಜನ ಬರುತ್ತಿದ್ದುದೇ ಅವಳು ಬಡಿಯುವ ಜೋಳದ ರೊಟ್ಟಿಗೆ. ಒಮ್ಮೆ ನಾನು ಮಾಮಾನನ್ನು ಬೆಳಗಾವಿಯ ಚೈನೀಸ್ ಹೋಟೆಲೊಂದಕ್ಕೆ ಕರೆದೊಯ್ದೆ. ಯಾಕಾದರೂ ಕರೆದೊಯ್ದೆನೋ! ನೂಡಲ್ಸ್ ನೋಡಿ, “ಶಾವಿಗಿಗೆ ಬೆಲ್ಲಾ ಹಾಕೂದ ಮರತಾರಲೇ!” ಎಂದು ತಟ್ಟೆಯನ್ನು ಬಾಜೂಕ್ಕೆ ಸರಿಸಿದ. ಆದರೆ ಗೋಡೆಯ ಮೇಲಿದ್ದ ಚಿತ್ರದಿಂದ ಕಣ್ಣು ಕೀಳಲಿಲ್ಲ. ಮೂಲೆಗಳನ್ನು ಮೀಸೆಯಂತೆ ಮೇಲಕ್ಕೆ ತಿರುವಿದ ಮಾಡು, ಕೆಂಪು ಕಂಬ, ಹುಣ್ಣಿಮೆ ಚಂದ್ರನಂಥ ದುಂಡು ಬಾಗಿಲು.

“ಲೇ ಅಳಿಯಾ, ನಮ್ಮ ಖಾನಾವಳಿ ಹಿಂಗ ಮಾಡೂಣು. ಮುಂದ ಗ್ಲಾಸು, ಸ್ಟೀಲು, ಎಲ್ಲಾ ಹೊಸಾ ಕಾಲದ್ದು. ಮ್ಯಾಲ ಚೀನಾ.”

“ಮತ್ತ ಊಟಾ?”

“ಊಟಕ್ಕ ಕೈ ಹಚ್ಚಿದ್ರ ನಿಮ್ಮತ್ತಿ ನನ್ನ ಚೀನಾಕ್ಕ ಅಟ್ಟತಾಳ!”

ಊಟಕ್ಕೆ ಕೈ ಹಚ್ಚಲಿಲ್ಲ, ಖರೇ. ಆದರೆ ಅಡುಗೆಮನೆಯ ಗೋಡೆಗೆ ಮೊದಲ ಸುತ್ತಿಗೆ ಏಟು ಬಿದ್ದದ್ದೇ ತಡ, ಅತ್ತೆ ಸೆರಗು ಬಿಗಿದು ಎದ್ದು ನಿಂತಳು.

“ನನ್ನ ಕೇಳಲಾರದ ನನ್ನ ಗ್ವಾಡಿ ಒಡದ್ರಿ? ಈ ಚೀನಾದಾಗ ನಾ ರೊಟ್ಟಿ ಬಡಿಯೂದಿಲ್ರಿ. ಯಾರನ್ನ ಕರಸ್ತೀರಿ, ಕರಸ್ರಿ!”

ಹೋದಳು, ನಂದಗಡದ ತನ್ನ ತಂಗಿಯ ಮನೆಗೆ. ಮಾಮಾ ನಕ್ಕ. ನನಗೆ ನಗು ಬರಲಿಲ್ಲ. ಮಾಡು ನೋಡಲು ಜನ ಒಂದು ದಿನ ಬಂದಾರು. ಅತ್ತೆಯ ರೊಟ್ಟಿ ಇಲ್ಲದಿದ್ದರೆ ಮರುದಿನ ಯಾರು ಬಂದಾರು? ಖಾನಾವಳಿಗೆ ಬೀಗವೇ!

ಮಾಮಾನಿಗೆ ಅದರ ಚಿಂತೆಯೇ? ಅವನ ಚಿಂತೆಯೆಲ್ಲ ಮಾಡಿನ ಮೀಸೆಯದು. ನಾನೂ ಮೂಲೆಗಳ ಮೀಸೆ ತಿರುವಿದೆ. ಖಾನಾಪುರದ ಮಳೆ ನಿಮಗೆ ಗೊತ್ತಲ್ಲ? ಮೊದಲ ಮಳೆಗೇ ಮಾಡಿನ ನೀರೆಲ್ಲ ಮೂಲೆಗೆ ಹರಿದು, ಅಲ್ಲಿಂದ ಹಾರಿ, ಪಕ್ಕದ ಕಟಿಂಗ್ ಶಾಪಿಗೆ ನುಗ್ಗಿತು. ಕುರ್ಚಿಯಲ್ಲಿದ್ದ ಗಿರಾಕಿಯ ಗಡ್ಡದ ನೊರೆ ಪುಕ್ಕಟೆ ತೊಳೆದುಹೋಯಿತು!

“ಅಹೋ, ತುಮಚಾ ಪಾವೂಸ್ ಮಾಝ್ಯಾ ದುಕಾನಾತ್!” ಎಂದು ಮರಾಠಿಯಲ್ಲಿ ಕೂಗುತ್ತ ಕತ್ತರಿ ಹಿಡಿದೇ ಓಡಿಬಂದ ಅಂಗಡಿಯವ.

“ನಿಮ್ಮ ಅಂಗಡ್ಯಾಗ ಬಂದಿದ್ದು ನಮ್ಮ ಮಳಿ ಅಲ್ರಿ, ಚೀನಾದ್ದು,” ಎಂದ ಮಾಮಾ. ನನ್ನ ಕಡೆ ತಿರುಗಿ, “ನೀ ಕಟ್ಟಿದ್ದು ಸೋರೂದಿಲ್ಲ ಬಿಡಪಾ. ಹಾರತೈತಿ!”

ನಾನು ಆ ಮೂಲೆಗೆ ನೀರಿಳಿಯುವ ಪೈಪು ಕೂಡಿಸಿ, ಅದಕ್ಕೂ ಕೆಂಪು ಬಣ್ಣ ಬಳಿದೆ. ಈಗ ಅದೂ ಚೀನಾ.

ಬಾಗಿಲ ಎರಡೂ ಕಡೆ ಡ್ರ್ಯಾಗನ್ ಬೇಕೆಂದ. ಬೆಳಗಾವಿಯಲ್ಲಿ ಡ್ರ್ಯಾಗನ್ ಮಾಡುವವರು ಯಾರು? ಶಹಾಪುರದ ಒಬ್ಬ ಗಣಪತಿ ಮಾಡುವವನನ್ನು ಹಿಡಿದು ತಂದ. ಆ ಮನುಷ್ಯನ ಕೈ ಬಲ್ಲದ್ದು ಒಂದೇ ಹೊಟ್ಟೆ! ಡ್ರ್ಯಾಗನ್ನುಗಳು ದುಂಡಗೆ, ಶಾಂತವಾಗಿ, ಈಗಷ್ಟೇ ಮೋದಕ ಮುಗಿಸಿದಂತೆ ಕುಳಿತವು. ಮರುದಿನ ನೋಡಿದರೆ, ಕೆಲಸ ನೋಡಲು ಬಂದವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದಾರೆ! ಒಬ್ಬ ಅಜ್ಜಿಯಂತೂ ಗರಿಕೆ ಏರಿಸಿ ಕೇಳಿದಳು:

“ಇದ್ಯಾವ ದೇವ್ರೋ ಯಪ್ಪಾ?”

“ಊಟದ ದೇವ್ರಬೇ. ಹಸದಾವ್ರಿಗೆ ಒಲೀತೈತಿ,” ಎಂದ ಮಾಮಾ.

ಉಳಿದದ್ದು ದುಂಡು ಬಾಗಿಲು. ಒಲೆಗೂ ಊಟದ ಹಾಲಿಗೂ ನಡುವಿನ ಗೋಡೆಯಲ್ಲಿ ಅದು ಬರಬೇಕು. ನಾನು ಗೋಡೆಯ ನಟ್ಟನಡುವೆ ಗುರುತು ಹಾಕಿದೆ. ಮಾಮಾ ಅದನ್ನು ಅಳಿಸಿ, ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಒಂದು ಕಣ್ಣು ಮುಚ್ಚಿ, “ಎಡಕ್ಕ... ಇನ್ನ ತುಸು ಎಡಕ್ಕ...” ಎನ್ನತೊಡಗಿದ.

“ಮಾಮಾ, ಚಿತ್ರದಾಗ ನಡುವ ಐತಿ!”

“ಅದು ಅವ್ರ ಚೀನಾ. ಇದು ನಂದು.”

ಖಾನಾವಳಿ ತೆರೆಯುವ ದಿನ ಊಟದ ಹಾಲು ಜನರಿಂದ ತುಂಬಿತು. ಕೂಲಿಗೆ ಬಂದ ಹೆಂಗಸು ಬಡಿದ ರೊಟ್ಟಿ ಹಂಚಿನಲ್ಲೇ ಹೋಳಾಗುತ್ತಿತ್ತು. ಜನ ತಟ್ಟೆ ನೋಡುವುದು, ಮಾಮಾ ರಸ್ತೆ ನೋಡುವುದು. ಅಷ್ಟರಲ್ಲಿ ನಂದಗಡದ ಬಸ್ಸಿನಿಂದ ಅತ್ತೆ ಇಳಿದಳು.

“ಹಸಕೊಂಡ ಬಂದ ಮಂದಿ ಸಲುವಾಗಿ ಬಂದೇನಿ. ನಿಮ್ಮ ಸಲುವಾಗಿ ಅಲ್ಲ!” ಎಂದವಳೇ ನೇರ ಒಲೆಯ ಮುಂದೆ ಕುಳಿತಳು. ಬಡಿದಳು, ಬೇಯಿಸಿದಳು, ಬುಟ್ಟಿ ತುಂಬಿಸಿ ಕಳಿಸಿದಳು. ಬೆವರು ಒರೆಸಲು ತಲೆ ಎತ್ತಿದಳು.

ಎದುರಿಗೆ ಆ ದುಂಡು ಬಾಗಿಲು. ಅದರೊಳಗಿಂದ ಕಾಣುವ ಇಡೀ ಊಟದ ಹಾಲು. ಮುದುಕನೊಬ್ಬ ರೊಟ್ಟಿ ಮುರಿದು, ಎಣ್ಣೆಗಾಯಿಗೆ ಒತ್ತಿ, ಬಾಯಿಗಿಟ್ಟು ಕಣ್ಣು ಮುಚ್ಚಿದ.

ಅತ್ತೆಯ ಕೈ ಹಿಟ್ಟಿನಲ್ಲೇ ನಿಂತಿತು.

“ನನ್ನ ರೊಟ್ಟಿ ಮಂದಿ ಹಿಂಗ ತಿಂತಾರೇನ್ರಿ?”

ಮದುವೆಯಾಗಿ ಬಂದಾಗಿನಿಂದ ಅವಳ ಎದುರಿಗಿದ್ದುದು ಮಸಿ ಹಿಡಿದ ಗೋಡೆ. ಕಟ್ಟುವುದೇ ಕಸುಬಾದ ನನಗೆ ಅದು ಹೊಳೆದಿರಲೇ ಇಲ್ಲ.

ಮಾಮಾ ತಗ್ಗಿದ ದನಿಯಲ್ಲಿ, “ಇಷ್ಟ ವರ್ಷ ನಾ ಒಬ್ಬನ ನೋಡ್ತಿದ್ದೆ,” ಎಂದ.

ಅತ್ತೆ ಮತ್ತೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು, ಕಣ್ಣು ಮಾತ್ರ ಬಾಗಿಲಲ್ಲೇ.

ಈಗ ನನ್ನ ಬಳಿ ಎರಡು ಕಾಂಕ್ರೀಟ್ ಮಿಕ್ಸರ್, ಒಂದು ಟೆಂಪೊ, ಹದಿನಾಲ್ಕು ಮಂದಿ ಕೆಲಸಗಾರರು, ಹಿಂಡಲಗಾದಲ್ಲಿ ನಾನೇ ಕಟ್ಟಿದ ಒಂದು ಮನೆ, ಹೋದ ವಾರದಿಂದ ಆ ಮನೆಯ ಅಡುಗೆಮನೆಯಿಂದ ಹಾಲಿಗೆ ತೆರೆಯುವ ಒಂದು ಕಿಟಕಿ ಇವೆ.