ಹೊಟ್ಟೆಗೊಂದು ಬೇರೆ ಕಂತು

ದಪ್ಪಗಿರುವವನ ಹೊಟ್ಟೆ ಅವನ ಸ್ವಂತದ್ದಲ್ಲ. ಅದರ ಬಗ್ಗೆ ಮಾತಾಡುವ ಹಕ್ಕು ಊರಿಗೆಲ್ಲ ಇರುತ್ತದೆ. ನನ್ನೊಂದಿಗೆ ಕೊಬ್ಬರಿ ಮಂಡಿ ನಡೆಸುತ್ತಿದ್ದ ಅಣ್ಣನಿಗಂತೂ ಅದು ದಿನದ ಕೆಲಸವಾಗಿತ್ತು. ಅವನು ನಮ್ಮೊಂದಿಗಿದ್ದ ಕೊನೆಯ ಮಾಮೂಲಿ ದಿನ, ಮಧ್ಯಾಹ್ನದ ಊಟದಲ್ಲಿ ನಾನು ಎರಡನೆಯ ಮುದ್ದೆಗೆ ಕೈ ಚಾಚಿದ್ದನ್ನು ನೋಡಿ, "ನಾಳೆ ಜಾವಗಲ್ಲಿಗೆ ಕೊಬ್ಬರಿ ನೋಡಕ್ಕೆ ನಾನೇ ಹೋಗ್ತೀನಿ ಕಣೋ. ನೀನು ಹತ್ತಿದ್ರೆ ಬಸ್ಸು ದಿಬ್ಬ ಹತ್ತಲ್ಲ" ಎಂದ. ಅತ್ತಿಗೆ ನಕ್ಕು ಮೂರನೆಯದನ್ನೂ ಬಡಿಸಿದರು. ಮರುದಿನ ಜಾವಗಲ್ಲಿನಲ್ಲಿ ಬಸ್ಸಿಳಿದವನು ಎದೆ ಹಿಡಿದುಕೊಂಡು ಒಂದು ಅಂಗಡಿಯ ಜಗಲಿಯ ಮೇಲೆ ಕೂತ. ಮತ್ತೆ ಏಳಲಿಲ್ಲ. ಅಣ್ಣ ಕಡ್ಡಿಯಂತೆ ಸಣ್ಣಗಿದ್ದ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಜಗಳವಿರುವುದೇ ಅಲ್ಲಿ.

ಅದಕ್ಕೆ ಕೆಲವು ವರ್ಷ ಮೊದಲು ನಾವಿಬ್ಬರೂ ಜೀವವಿಮೆ ಮಾಡಿಸಿದ್ದೆವು. ಹಳೇಬೀಡಿನ ಶೇಷಪ್ಪ ಮೇಷ್ಟ್ರು ಶಾಲೆ ಬಿಟ್ಟ ಹೊತ್ತಿನಲ್ಲಿ ವಿಮೆಯ ಏಜೆಂಟರು. ಅವರೇ ನಮ್ಮನ್ನು ಅರಸೀಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬೇಲೂರಿನ ಗುಡಿಗೆ ಪ್ರದಕ್ಷಿಣೆ ಬಂದ ಹಾಗೆ ಟೇಪು ಹಿಡಿದು ನನ್ನ ಸುತ್ತ ಬಂದರು. ಮೇಷ್ಟ್ರು ಮೆಲ್ಲಗೆ, "ನಿಮ್ಮ ಎತ್ತರಕ್ಕೆ ಇಷ್ಟು ತೂಕ ಇರಬಾರದು ಅಂತ ಕಂಪನಿಯ ಪಟ್ಟಿ ಇದೆ ಸ್ವಾಮಿ. ದಪ್ಪಗಿರೋರು ಬೇಗ ಹೋಗ್ತಾರೆ ಅನ್ನೋ ಲೆಕ್ಕ. ನಿಮಗೆ ಕಂತು ಸ್ವಲ್ಪ ಜಾಸ್ತಿ ಬೀಳುತ್ತೆ. ಅಣ್ಣನವರಿಗೆ ಮಾಮೂಲಿ ದರ" ಎಂದರು.

ನನ್ನ ಹೊಟ್ಟೆಯನ್ನು ಕಂಪನಿಯವರು ಆಡಿಕೊಂಡದ್ದನ್ನು ಅಣ್ಣನಿಗೆ ಸಹಿಸಲಾಗಲಿಲ್ಲ. "ಅಲ್ಲ ಮೇಷ್ಟ್ರೇ, ಮೂಟೆ ತೂಕ ಜಾಸ್ತಿ ಬಂದ್ರೆ ನಾವು ರೈತನಿಗೆ ಜಾಸ್ತಿ ಕೊಡ್ತೀವಿ. ನಿಮ್ಮಲ್ಲಿ ಮೂಟೇನೇ ದುಡ್ಡು ಕೊಡಬೇಕಾ? ಹೋಗ್ಲಿ, ಗೋಣಿ ತೂಕ ಕಳೆದಿದ್ದೀರೇನ್ರೀ?" ಎಂದು ನನ್ನ ಕೋಟು, ಪೇಟ ಬಿಚ್ಚಿಸಿ ಮತ್ತೆ ನಿಲ್ಲಿಸಿದ. ಮುಳ್ಳು ಅಷ್ಟೇನೂ ಹಿಂದೆ ಸರಿಯಲಿಲ್ಲ.

ನಮ್ಮ ಕೊಬ್ಬರಿ ಮಂಡಿಯಲ್ಲಿ ತೂಕಕ್ಕಿದ್ದ ಮರ್ಯಾದೆಯೇ ಬೇರೆ. ಅಪ್ಪನ ಕಾಲದಿಂದ ಆಯುಧಪೂಜೆಯ ದಿನ ದೊಡ್ಡ ತಕ್ಕಡಿಯನ್ನು ತೊಳೆದು, ವಿಭೂತಿ ಬಳಿದು, ಒಂದು ತಟ್ಟೆಯಲ್ಲಿ ಅಣ್ಣ, ಇನ್ನೊಂದರಲ್ಲಿ ನಾನು ಕೂರುತ್ತಿದ್ದೆವು. ಅಣ್ಣ ಮೇಲೆ ಹೋಗುತ್ತಿದ್ದ. ಎರಡೂ ಸಮವಾಗುವ ತನಕ ಅವನ ಮಡಿಲಿಗೆ ಕೊಬ್ಬರಿ ಸುರಿಯುತ್ತಿದ್ದರು. ಆ ಕೊಬ್ಬರಿ ಹಮಾಲಿಗಳ ಪಾಲು. ಹಾಗಾಗಿ ಹಬ್ಬ ಹತ್ತಿರ ಬಂದಂತೆ ಹಿರಿಯ ಹಮಾಲಿ ಕರಿಯಣ್ಣನಿಗೆ ನನ್ನ ಆರೋಗ್ಯದ್ದೇ ಚಿಂತೆ. "ಚಿಕ್ಕೆಜಮಾನ್ರು ವಸಿ ಇಳ್ದಂಗೈತೆ, ಅಮ್ಮಾವ್ರಿಗೆ ಯೋಳ್ಬೇಕು" ಎನ್ನುತ್ತಿದ್ದ. ಅಣ್ಣ ಮೇಲೆ ತೂಗಾಡುತ್ತ, "ಏನ್ಲಾ, ಈ ವರ್ಷ ನನ್ನ ಸೂರಿಗೇ ಅಂಟಿಸ್ತೀಯಾ?" ಎಂದು ಕೂಗುತ್ತಿದ್ದ.

ಅಣ್ಣ ಹೋದ ಮೇಲೆ ಊಟ ಸೇರಲಿಲ್ಲ. ಕೋಟು ಜೋಲಾಡತೊಡಗಿತು. ಶೇಷಪ್ಪ ಮೇಷ್ಟ್ರು ಅತ್ತಿಗೆಗೆ ವಿಮೆಯ ಹಣವನ್ನು ಅಲೆಸದೆ ಕೊಡಿಸಿದರು, ಅದರಲ್ಲಿ ದೂರಿಲ್ಲ. ಆಮೇಲೊಂದು ದಿನ ಮಂಡಿಗೆ ಬಂದವರು ನನ್ನನ್ನು ನೋಡಿ, ಒಳ್ಳೆಯ ಮನಸ್ಸಿನಿಂದಲೇ, "ತುಂಬ ಇಳಿದಿದ್ದೀರಿ. ಇನ್ನೊಂದು ಸಲ ಡಾಕ್ಟರಿಗೆ ತೋರಿಸಿದ್ರೆ ಆ ಜಾಸ್ತಿ ಕಂತು ತೆಗೆಸಬಹುದು" ಎಂದರು.

"ಬೇಡ ಮೇಷ್ಟ್ರೇ."

"ಯಾಕೆ ಸ್ವಾಮಿ? ನಷ್ಟ ನಿಮಗೇ."

"ಆಗಲಿ. ಇದು ನಾನಾಗಿ ಇಳಿಸಿದ ತೂಕ ಅಲ್ಲ. ಸಣ್ಣಗಿದ್ದ ಅಣ್ಣನ್ನ ನಿಮ್ಮ ಪಟ್ಟಿಗೆ ಉಳಿಸಿಕೊಳ್ಳೋಕಾಗಲಿಲ್ಲ. ದಪ್ಪಗಿರೋ ನನ್ನನ್ನ ಕಳಿಸೋಕೂ ಅದಕ್ಕೆ ಬಿಡಲ್ಲ. ಮತ್ತೆ ದಪ್ಪ ಆಗ್ತೀನಿ, ಪೂರಾ ಕಂತು ಕಟ್ತೀನಿ, ಮುದುಕನಾಗಿ ತೋರಿಸ್ತೀನಿ."

ಮನೆಗೆ ಬಂದು ಅತ್ತಿಗೆಯನ್ನು ಮುದ್ದೆ ಕೇಳಿದೆ. ಅವರು ಎರಡು ಬಡಿಸಿದರು. ಎರಡನ್ನೂ ಹಟಕ್ಕೆ ನುಂಗಿದೆ. ದುಃಖದಲ್ಲಿ ದಪ್ಪಗಾಗುವುದು ಜನ ತಿಳಿದಷ್ಟು ಸುಲಭವಲ್ಲ, ದಿನಾ ಕೂತು ಸಾಧಿಸಬೇಕು.

ಈ ಸಲದ ಆಯುಧಪೂಜೆಯ ಹೊತ್ತಿಗೆ ಕೋಟಿನ ಗುಂಡಿ ಮತ್ತೆ ಕೂಡದಂತಾಯಿತು. ಕಂಪನಿಯನ್ನೇ ಗೆದ್ದವನ ಗತ್ತಿನಲ್ಲಿ ಹೋಗಿ ನನ್ನ ತಟ್ಟೆಯಲ್ಲಿ ಕೂತೆ. ಅದು ನೆಲ ಮುಟ್ಟಿತು. ಕರಿಯಣ್ಣ ಬುಟ್ಟಿ ಹಿಡಿದು, ಅಣ್ಣ ಕೂರುತ್ತಿದ್ದ ಎದುರಿನ ತಟ್ಟೆಯ ಹತ್ತಿರ ಬಂದ.

"ಚಿಕ್ಕೆಜಮಾನ್ರೇ, ಪೂರ್ತಿ ಕೊಬ್ರೀನೇ ಹಾಕದಾ?"

"ಹಾಕಪ್ಪ."

ಬುಟ್ಟಿಯ ಮೇಲೆ ಬುಟ್ಟಿ ಸುರಿದರು. ಹಮಾಲಿಗಳಿಗೆ ಯಾವ ವರ್ಷವೂ ಅಷ್ಟು ಕೊಬ್ಬರಿ ಸಿಕ್ಕಿರಲಿಲ್ಲ. ಯಾರೂ ನಗಲಿಲ್ಲ. ನಾನು ನೆಲ ಬಿಟ್ಟು ಮೇಲೆದ್ದೆ, ತಕ್ಕಡಿ ಸಮವಾಗಿ ನಿಂತಿತು. ನನ್ನ ತೂಕವೆಲ್ಲ ವಾಪಸು ಬಂದಿದೆ. ಅದನ್ನು ಆಡಿಕೊಳ್ಳಲು ಎದುರಿನ ತಟ್ಟೆಯಲ್ಲಿ ಅಣ್ಣ ಇಲ್ಲ.